ದುರಂತದ ನೆನಪಿಗೊಂದು ಬಾವುಟ: ಬಟ್ಟೆ ಹೊಲಿಸುವ ಮುಂಚೆ

ಮುಂಬೈಯ ಕನ್ನಡ ಸಂಘಗಳಿಗೆ ನವೆಂಬರ್ ಅಂದರೆ ಬಾವುಟದ ತಿಂಗಳು. ಒಂದನೇ ತಾರೀಕು ರಾಜ್ಯೋತ್ಸವ. ಹಳದಿ ಕೆಂಪು ಬಾವುಟ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ, ಇಸ್ತ್ರಿ ಆಗುತ್ತದೆ, ಹಾರುತ್ತದೆ. ಅದೇ ತಿಂಗಳ 26ಕ್ಕೆ ಇನ್ನೊಂದು ಸಭೆ. 2008ರ ದಾಳಿಯಲ್ಲಿ ಸತ್ತವರಿಗೆ ಎರಡು ನಿಮಿಷ ಮೌನ, ಒಂದಿಷ್ಟು ಮೇಣದಬತ್ತಿ, ಆಮೇಲೆ ಚಹಾ. ನಮ್ಮ ಕಮಿಟಿಯಲ್ಲಿ ಹಿರಿಯರೊಬ್ಬರು ಕೇಳಿದರು: "ಅಮೆರಿಕದವರು ಸತ್ತವರ ಹೆಸರು ಬರೆದು ಬಾವುಟ ಮಾಡಿದ್ದಾರಂತೆ. ನಾವೂ ತಿರಂಗಾದ ಬಿಳಿ ಪಟ್ಟಿಯಲ್ಲಿ ಆ 166 ಹೆಸರು ಬರೆಸೋಣ. ಚಂದ ಕಾಣುತ್ತೆ, ಅಲ್ವಾ?"

ಚಂದ ಕಾಣಬಹುದು. ಆದರೆ ಅದು ಅಪರಾಧ. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಅವರು ಕೇಳಿದ್ದು ತಪ್ಪಲ್ಲ. ದೇಶಕ್ಕೇ ಆದ ದುರಂತಕ್ಕೆ ಒಂದು ಬಾವುಟ ಬೇಕು ಅನ್ನಿಸುವುದು ಸಹಜ. ಹಲವು ದೇಶಗಳು ಅದನ್ನು ಮಾಡಿವೆ. ಒಂದೊಂದು ಒಂದೊಂದು ದಾರಿ ಹಿಡಿದಿದೆ. ನಮ್ಮಲ್ಲಿ ಯಾವ ದಾರಿ ಮುಚ್ಚಿದೆ, ಯಾವುದು ತೆರೆದಿದೆ ಅಂತ ನೋಡೋಣ.

ತಿರಂಗಾ ಮುಟ್ಟುವಂತಿಲ್ಲ

ನಮ್ಮಲ್ಲಿ ರಾಷ್ಟ್ರಧ್ವಜದ ವಿಷಯಕ್ಕೆ ಎರಡು ಕಾಗದ ಮುಖ್ಯ. ಒಂದು, 1971ರ ಕಾನೂನು, ರಾಷ್ಟ್ರ ಗೌರವಕ್ಕೆ ಅವಮಾನ ಮಾಡುವುದನ್ನು ತಡೆಯುವಂಥದ್ದು. ಇನ್ನೊಂದು, 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆ. ಮೊದಲನೆಯದು ಶಿಕ್ಷೆ ಹೇಳುತ್ತದೆ, ಎರಡನೆಯದು ರೀತಿ ಹೇಳುತ್ತದೆ. 2004ರಲ್ಲಿ ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ, ಗೌರವದಿಂದ ರಾಷ್ಟ್ರಧ್ವಜ ಹಾರಿಸುವುದು ಪ್ರತಿ ನಾಗರಿಕನ ಹಕ್ಕು. 2022ರಿಂದ ಮನೆಯ ಮೇಲೆ ಹಗಲು ರಾತ್ರಿ ಎರಡೂ ಹೊತ್ತು ಹಾರಿಸಬಹುದು. ಹಾರಿಸಲು ಸ್ವಾತಂತ್ರ್ಯ ಇದೆ, ಬದಲಾಯಿಸಲು ಇಲ್ಲ.

1971ರ ಕಾನೂನಿನಲ್ಲಿ ಅವಮಾನ ಅಂದರೆ ಏನೇನು ಅಂತ ಒಂದು ಪಟ್ಟಿಯೇ ಇದೆ. ಅದರಲ್ಲಿ ಧ್ವಜದ ಮೇಲೆ ಯಾವುದೇ ಬರಹ ಬರೆಯುವುದೂ ಸೇರಿದೆ. ಬರೆದವರ ಉದ್ದೇಶ ಒಳ್ಳೆಯದಿದ್ದರೆ ಬಿಡಿ ಅಂತ ಎಲ್ಲೂ ಹೇಳಿಲ್ಲ. ಹಾಗಾಗಿ ಕ್ರಿಕೆಟ್ ಪಂದ್ಯದಲ್ಲಿ ತಿರಂಗಾದ ಮೇಲೆ ಊರ ಹೆಸರು ಬರೆದು ಬೀಸುವುದೂ ಅವಮಾನವೇ, ಹುತಾತ್ಮರ ಹೆಸರು ಬರೆದರೂ ಅವಮಾನವೇ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರ ಆದೇಶ ಕೊಟ್ಟ ಸಂದರ್ಭ ಬಿಟ್ಟು ಬೇರೆ ಯಾವಾಗಲೂ ಧ್ವಜವನ್ನು ಅರ್ಧಮಟ್ಟದಲ್ಲಿ ಹಾರಿಸುವುದು ಕೂಡ ಅಪರಾಧ. ಅಂದರೆ ನವೆಂಬರ್ 26ರ ಬೆಳಗ್ಗೆ ನಮ್ಮ ಬಿಲ್ಡಿಂಗ್ ಸೊಸೈಟಿಯವರು ಒಟ್ಟಿಗೆ ಸೇರಿ, ದುಃಖದಿಂದಲೇ, ಟೆರೇಸಿನ ಮೇಲಿನ ಧ್ವಜವನ್ನು ಅರ್ಧಕ್ಕೆ ಇಳಿಸಿದರೆ ಅದೂ ತಪ್ಪು. ಶೋಕ ಎಲ್ಲರದ್ದಾದರೂ ಧ್ವಜ ಇಳಿಸುವ ಅಧಿಕಾರ ಸರ್ಕಾರದ್ದು ಮಾತ್ರ.

ಸರ್ಕಾರ ಯಾರಿಗಾಗಿ ಇಳಿಸುತ್ತದೆ? ಧ್ವಜ ಸಂಹಿತೆಯಲ್ಲಿ ಅದರ ಕೋಷ್ಟಕ ಇದೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ ತೀರಿಕೊಂಡರೆ ದೇಶದಾದ್ಯಂತ. ಲೋಕಸಭೆಯ ಸ್ಪೀಕರ್, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆದರೆ ದೆಹಲಿಯಲ್ಲಿ. ರಾಜ್ಯಪಾಲರು, ಮುಖ್ಯಮಂತ್ರಿ ಆದರೆ ಆಯಾ ರಾಜ್ಯದಲ್ಲಿ. ಉಳಿದವರಿಗೆ ಗೃಹ ಸಚಿವಾಲಯ ವಿಶೇಷ ಆದೇಶ ಕೊಡಬಹುದು. 2022ರ ಫೆಬ್ರವರಿ 6ರಂದು ಲತಾ ಮಂಗೇಶ್ಕರ್ ತೀರಿಕೊಂಡಾಗ ಎರಡು ದಿನ ರಾಷ್ಟ್ರೀಯ ಶೋಕ ಇತ್ತಲ್ಲ, ಅದು ಹಾಗೆ ಬಂದ ಆದೇಶ.

ಈ ಕೋಷ್ಟಕ ಓದಿದಾಗ ನನಗೆ ಒಂದು ವಿಷಯ ಕುಟುಕಿತು. ಅದರಲ್ಲಿ ಇರುವುದೆಲ್ಲ ಹುದ್ದೆಗಳು. ಘಟನೆಗಳಿಲ್ಲ. ಸಿಎಸ್‌ಟಿ ರೈಲು ನಿಲ್ದಾಣದಲ್ಲಿ 2008ರ ಆ ರಾತ್ರಿ ಸತ್ತವರು 58 ಜನ. ಹೆಚ್ಚಿನವರು ದೂರದ ಊರಿನ ಗಾಡಿಗೆ ಟ್ರಂಕು, ಗೋಣಿಚೀಲ ಇಟ್ಟುಕೊಂಡು ಕಾಯುತ್ತಿದ್ದವರು. ಅವರಿಗೆ ಈ ಕೋಷ್ಟಕದಲ್ಲಿ ಜಾಗ ಇಲ್ಲ. ಧ್ವಜವನ್ನು ಮೃತದೇಹದ ಮೇಲೆ ಹೊದಿಸುವುದಕ್ಕೂ ಇಂಥದ್ದೇ ನಿಯಮ. ಸರ್ಕಾರಿ ಗೌರವದ, ಸೇನೆಯ ಅಥವಾ ಅರೆಸೇನಾ ಪಡೆಯ ಅಂತ್ಯಕ್ರಿಯೆಯಲ್ಲಿ ಮಾತ್ರ ಹೊದಿಸಬಹುದು. ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನ ಮನೆಗೆ ತಿರಂಗಾದಲ್ಲಿ ಮರಳಿದರು. ಪ್ಲಾಟ್‌ಫಾರಂ ಮೇಲೆ ಬಿದ್ದವರ ಪೆಟ್ಟಿಗೆಗೆ ಅದು ಸಿಗುವಂತಿರಲಿಲ್ಲ.

ನಿಯಮ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಪ್ರತಿ ಸಾವಿಗೂ ಧ್ವಜ ಇಳಿಸುತ್ತಾ ಹೋದರೆ ಇಷ್ಟು ದೊಡ್ಡ ದೇಶದಲ್ಲಿ ಅದು ಮೇಲೇರುವ ದಿನವೇ ಇರುವುದಿಲ್ಲ. ಆದರೆ ಬೇರೆ ಬಾವುಟದ ಆಸೆ ಹುಟ್ಟುವುದು ಈ ಖಾಲಿ ಜಾಗದಲ್ಲೇ. ಹುದ್ದೆ ಇಲ್ಲದವರ ಸಾವನ್ನು ಎತ್ತಿ ಹಿಡಿಯಲು ಏನಿದೆ ಅನ್ನುವುದೇ ಪ್ರಶ್ನೆ.

ಬೇರೆಯವರು ಏನು ಮಾಡಿದರು

ಅಮೆರಿಕದ ಆ ಹೆಸರಿನ ಬಾವುಟದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ದೂರದಿಂದ ಅವರ ರಾಷ್ಟ್ರಧ್ವಜದಂತೆಯೇ ಕಾಣುತ್ತದೆ. ಹತ್ತಿರ ಹೋದರೆ ಪಟ್ಟಿಗಳ ತುಂಬ ಸಣ್ಣ ಅಕ್ಷರ. 2001ರ ಸೆಪ್ಟೆಂಬರ್ 11ರಂದು ಸತ್ತ 2,977 ಜನರ ನೆನಪಿಗೆ ಖಾಸಗಿಯಾಗಿ ಮಾಡಿದ್ದು. ಅವರ ಧ್ವಜ ನಿಯಮವೂ ಧ್ವಜದ ಮೇಲೆ ಅಕ್ಷರ ಬೇಡ ಅಂತಲೇ ಹೇಳುತ್ತದೆ. ಆದರೆ ಅಲ್ಲಿ ಅದು ಬುದ್ಧಿಮಾತಿನಂತೆ ಉಳಿದಿದೆ, ಶಿಕ್ಷೆ ಇಲ್ಲ. 1989ರಲ್ಲಿ ಮತ್ತು 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಧ್ವಜ ಸುಡುವುದನ್ನೂ ಅಭಿಪ್ರಾಯ ಹೇಳುವ ಹಕ್ಕು ಅಂತ ಎತ್ತಿ ಹಿಡಿಯಿತು. ಅಲ್ಲಿ ನಡೆದದ್ದು ಇಲ್ಲೂ ನಡೆಯುತ್ತದೆ ಅಂದುಕೊಂಡರೆ ಎಡವುವುದು ಇಲ್ಲೇ.

ಅಮೆರಿಕದಿಂದ ಕಲಿಯಬೇಕಾದ ಬಾವುಟ ಬೇರೆಯೇ ಇದೆ. ಅದು ಕಪ್ಪು ಬಣ್ಣದ್ದು. ವಿಯೆಟ್ನಾಂ ಯುದ್ಧದಲ್ಲಿ ಸೆರೆಸಿಕ್ಕ, ಕಾಣೆಯಾದ ಸೈನಿಕರ ನೆನಪಿನದು. 1971ರಲ್ಲಿ ಮೇರಿ ಹಾಫ್ ಎಂಬ ಹೆಂಗಸಿಗೆ ಇದು ಹೊಳೆಯಿತು. ಆಕೆಯ ಗಂಡ ನೌಕಾಪಡೆಯ ವಿಮಾನ ಹಾರಿಸುವವರು, ಕಾಣೆಯಾಗಿದ್ದರು. ಕಾಣೆಯಾದವರ ಕುಟುಂಬಗಳಿಗೆ ತಮ್ಮದೊಂದು ಚಿಹ್ನೆ ಬೇಕು ಅನ್ನಿಸಿ ಆಕೆ ಬಾವುಟ ತಯಾರಿಸುವ ಆ್ಯನಿನ್ ಕಂಪನಿಯನ್ನು ಕೇಳಿದರು. ಕಂಪನಿ ಚಿತ್ರ ಬರೆಯುವ ಕೆಲಸವನ್ನು ನ್ಯೂಟ್ ಹೈಸ್ಲಿ ಅವರಿಗೆ ವಹಿಸಿತು. ಅವರು ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದವರು. ತಲೆ ಬಗ್ಗಿಸಿದ ಒಬ್ಬ ಮನುಷ್ಯನ ನೆರಳು, ಹಿಂದೆ ಕಾವಲು ಗೋಪುರ, ಮುಂದೆ ಮುಳ್ಳುತಂತಿ. ಕೆಳಗೆ 'ನಿಮ್ಮನ್ನು ಮರೆತಿಲ್ಲ' ಅನ್ನುವ ಅರ್ಥದ ಒಂದು ಸಾಲು. ಒಬ್ಬರ ಹೆಸರೂ ಇಲ್ಲ, ಒಂದು ಅಂಕಿಯೂ ಇಲ್ಲ. ಯಾರು ಬೇಕಾದರೂ ಹೊಲಿಸಿಕೊಳ್ಳಲಿ ಅಂತ ವಿನ್ಯಾಸಕ್ಕೆ ಯಾರೂ ಹಕ್ಕು ಹಾಕಿಕೊಳ್ಳಲಿಲ್ಲ.

1972ರ ಜನವರಿಯಲ್ಲಿ ಕುಟುಂಬಗಳ ಒಕ್ಕೂಟ ಅದನ್ನು ತನ್ನದು ಅಂತ ಒಪ್ಪಿಕೊಂಡಿತು. 1982ರಲ್ಲಿ ಅಧ್ಯಕ್ಷರ ಶ್ವೇತಭವನದ ಮೇಲೆ, ರಾಷ್ಟ್ರಧ್ವಜದ ಕೆಳಗೆ, ಹಾರಿತು. 1990ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ಮಾನ್ಯತೆ ಕೊಟ್ಟಿತು. ಆಮೇಲೆ ಬಂದ ಕಾನೂನು ವರ್ಷಕ್ಕೆ ಆರು ದಿನ, ಇಂಥಿಂಥ ಸರ್ಕಾರಿ ಕಟ್ಟಡಗಳ ಮೇಲೆ ಹಾರಿಸಲೇಬೇಕು ಅಂತ ಹೇಳಿತು. 2019ರಲ್ಲಿ ಆ ಆರು ದಿನ ಹೋಗಿ, ರಾಷ್ಟ್ರಧ್ವಜ ಹಾರುವ ಎಲ್ಲ ದಿನವೂ ಅಂತ ಆಯಿತು.

ಒಬ್ಬ ಹೆಂಡತಿಯ ಯೋಚನೆಯಿಂದ ದಿನನಿತ್ಯ ಹಾರುವವರೆಗೆ ಸುಮಾರು ಐವತ್ತು ವರ್ಷ. ಗಮನಿಸಿ, ಪ್ರತಿ ಹಂತದಲ್ಲೂ ಹೊಸದಾಗಿ ಸೇರಿದ್ದು ಚಿತ್ರವಲ್ಲ, ನಿಯಮ. ಯಾರು ಹಾರಿಸಬೇಕು, ಯಾವ ಕಟ್ಟಡದ ಮೇಲೆ, ಯಾವ ದಿನ, ರಾಷ್ಟ್ರಧ್ವಜದಿಂದ ಎಷ್ಟು ಕೆಳಗೆ. ಒಂದು ಬಾವುಟವನ್ನು 'ಅಂಗೀಕರಿಸುವುದು' ಅಂದರೆ ಇಷ್ಟೇ. ಚಿತ್ರ ಚೆನ್ನಾಗಿದೆ ಅಂತ ಚಪ್ಪಾಳೆ ತಟ್ಟಿದರೆ ಅಂಗೀಕಾರ ಆಗುವುದಿಲ್ಲ.

ಹೊಸದನ್ನು ಹೊಲಿಸದೆ, ಹರಿದದ್ದನ್ನೇ ಉಳಿಸಿಕೊಂಡ ಕತೆಯೂ ಅಲ್ಲಿದೆ. ನ್ಯೂಯಾರ್ಕಿನ ಅವಳಿ ಗೋಪುರದ ಪಕ್ಕದ ಕಟ್ಟಡವೊಂದರ ಮೇಲೆ ಇದ್ದ ದೊಡ್ಡ ರಾಷ್ಟ್ರಧ್ವಜ ಆ ದಿನ ಚಿಂದಿ ಆಯಿತು. ವರ್ಷಗಟ್ಟಲೆ ಹಾಗೇ ಮಡಚಿಟ್ಟಿದ್ದರು. 2007ರಲ್ಲಿ ಕ್ಯಾನ್ಸಸ್ ರಾಜ್ಯದ ಗ್ರೀನ್ಸ್‌ಬರ್ಗ್ ಎಂಬ ಸಣ್ಣ ಊರನ್ನು ಸುಂಟರಗಾಳಿ ನೆಲಸಮ ಮಾಡಿತು. ಊರು ಕಟ್ಟಲು ನ್ಯೂಯಾರ್ಕಿನಿಂದ ಸ್ವಯಂಸೇವಕರು ಹೋದರು. 2008ರಲ್ಲಿ ಅದೇ ಊರಿನವರು ಆ ಧ್ವಜಕ್ಕೆ ಸೂಜಿ ಹಾಕಿ ಹೊಲಿಯಲು ಶುರು ಮಾಡಿದರು. ಆಮೇಲೆ ಅದು ರಾಜ್ಯ ರಾಜ್ಯ ಸುತ್ತಿತು. ಪ್ರತಿ ಕಡೆ ಬೇರೆ ಬೇರೆ ಹಳೆಯ ಧ್ವಜಗಳ ತುಂಡು ಸೇರಿಸಿ ತೇಪೆ ಹಾಕಿದರು. ನನಗೆ ಹೆಸರು ಬರೆದ ಬಾವುಟಕ್ಕಿಂತ ಇದೇ ಜಾಸ್ತಿ ಹಿಡಿಸುತ್ತದೆ. ಯಾರದೂ ವಿನ್ಯಾಸ ಅಲ್ಲ, ಎಲ್ಲರ ಕೈ ಕೆಲಸ.

ಉಳಿದ ದೇಶಗಳದ್ದು ಬೇಗ ಹೇಳುತ್ತೇನೆ. ಲಾಟ್ವಿಯಾದಲ್ಲಿ ಮಾರ್ಚ್ 25 ಮತ್ತು ಜೂನ್ 14ರಂದು ಮನೆಮನೆಯ ರಾಷ್ಟ್ರಧ್ವಜಕ್ಕೆ ಕಪ್ಪು ಪಟ್ಟಿ ಕಟ್ಟುತ್ತಾರೆ. 1949 ಮತ್ತು 1941ರಲ್ಲಿ ಸೋವಿಯತ್ ಆಡಳಿತ ಜನರನ್ನು ಗಡೀಪಾರು ಮಾಡಿದ ದಿನಗಳು ಅವು. ಜಪಾನಿನಲ್ಲಿ 1912ರಲ್ಲಿ ಮೇಜಿ ಚಕ್ರವರ್ತಿ ತೀರಿಕೊಂಡಾಗಲೇ ಕಪ್ಪು ಬಟ್ಟೆಯ ನಿಯಮ ಬಂತು. ಹಂಗೇರಿಯಲ್ಲಿ 1956ರ ದಂಗೆಯಲ್ಲಿ ಜನ ಧ್ವಜದ ನಡುವಿನ ಕಮ್ಯುನಿಸ್ಟ್ ಲಾಂಛನ ಕತ್ತರಿಸಿ ತೆಗೆದರು. ಆ ತೂತು ಬಿದ್ದ ಧ್ವಜ ಈಗ ಪ್ರತಿ ಅಕ್ಟೋಬರ್ 23ಕ್ಕೆ ನೆನಪಿನ ಧ್ವಜ. ರುವಾಂಡಾ ಉಲ್ಟಾ ಮಾಡಿತು. 1994ರ ನರಮೇಧದ ನೆನಪು ಅಂಟಿಕೊಂಡಿದ್ದ ಹಳೆಯ ಧ್ವಜವನ್ನೇ 2001ರಲ್ಲಿ ಬದಲಾಯಿಸಿ, ಹೊಸದನ್ನು ತಂದಿತು.

ನಮ್ಮಲ್ಲಿ ಧ್ವಜಸ್ತಂಭಕ್ಕೆ ಕಪ್ಪು ಪಟ್ಟಿ ಕಟ್ಟಬಹುದಾ? ಇಲ್ಲ. ಸ್ತಂಭದ ಮೇಲೆ ಹೂವು, ಹಾರ, ಲಾಂಛನ ಯಾವುದನ್ನೂ ಇಡಬೇಡಿ ಅಂತ ಧ್ವಜ ಸಂಹಿತೆ ಹೇಳುತ್ತದೆ. ಮಡಚಿದ ಧ್ವಜದೊಳಗೆ ಹೂವಿನ ಎಸಳು ಇಟ್ಟು ಬಿಚ್ಚುವುದಕ್ಕೆ ಮಾತ್ರ ವಿನಾಯಿತಿ.

ನಮ್ಮಲ್ಲೂ ಇದೆ, ಅಂಗಿಗೆ ಚುಚ್ಚುವಷ್ಟು

ಹಾಗಂತ ಭಾರತಕ್ಕೆ ನೆನಪಿನ ಬಾವುಟದ ರೂಢಿ ಇಲ್ಲ ಅಂದುಕೊಳ್ಳಬೇಡಿ. ಡಿಸೆಂಬರ್ 7ರಂದು ಶಾಲೆಯಲ್ಲಿ ಒಂದು ಪುಟ್ಟ ಬಾವುಟ ಕೊಟ್ಟು ದುಡ್ಡು ತೆಗೆದುಕೊಳ್ಳುತ್ತಿದ್ದದ್ದು ನೆನಪಿದೆಯಲ್ಲ? ಕೆಂಪು, ಕಡು ನೀಲಿ, ತಿಳಿ ನೀಲಿ, ಮೂರು ಬಣ್ಣ. ಭೂಸೇನೆ, ನೌಕಾಪಡೆ, ವಾಯುಪಡೆ. ಅದೇ ಸಶಸ್ತ್ರ ಪಡೆಗಳ ಧ್ವಜ ದಿನ. 1949ರ ಆಗಸ್ಟ್ 28ರಂದು ರಕ್ಷಣಾ ಸಚಿವರ ಸಮಿತಿಯೊಂದು ತೀರ್ಮಾನ ಮಾಡಿತು, ಅದೇ ಡಿಸೆಂಬರಿನಿಂದ ಶುರುವಾಯಿತು. ಕರ್ನಾಟಕದಲ್ಲಿ ಏಪ್ರಿಲ್ 2ಕ್ಕೆ ಪೊಲೀಸ್ ಧ್ವಜ ದಿನ ಇದೆ.

ಇದರಲ್ಲಿ ಕಂಬ ಇಲ್ಲ, ಹಗ್ಗ ಇಲ್ಲ, ತಿರಂಗಾದ ಜೊತೆ ಪೈಪೋಟಿ ಇಲ್ಲ. ಬಾವುಟ ಕೊಟ್ಟು ಬಂದ ಹಣ ಯುದ್ಧದಲ್ಲಿ ಸತ್ತವರ ಹೆಂಡತಿ ಮಕ್ಕಳಿಗೆ, ನಿವೃತ್ತ ಸೈನಿಕರಿಗೆ ಹೋಗುತ್ತದೆ. ನನಗೆ ಕೇಳಿದರೆ ಸಂಘ ಸಂಸ್ಥೆಗಳಿಗೆ ಇದೇ ಸರಿಯಾದ ಶುರು. ಕಂಬದ ಬಾವುಟ ಬೇಕೇಬೇಕು ಅನ್ನುವವರಿಗೂ ದಾರಿ ಇದೆ. ಖಾಸಗಿ ಸಂಘ ತನ್ನದೇ ಒಂದು ಬಾವುಟ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಅದು ತಿರಂಗಾದ ನಕಲಾಗಬಾರದು, ಅದರಲ್ಲಿ ಅಶೋಕ ಚಕ್ರ ಬರಬಾರದು.

ಜಾಗದ ನಿಯಮ ಬಿಗಿ. ಒಂದೇ ಕಂಬಕ್ಕೆ ರಾಷ್ಟ್ರಧ್ವಜ ಮತ್ತು ಇನ್ನೊಂದು ಬಾವುಟ ಕಟ್ಟುವಂತಿಲ್ಲ. ಅದಕ್ಕಿಂತ ಎತ್ತರದಲ್ಲೂ ಇರಬಾರದು, ಸರಿಸಮಾನ ಪಕ್ಕದಲ್ಲೂ ಇರಬಾರದು. ಅಮೆರಿಕದ ಕಪ್ಪು ಬಾವುಟ ರಾಷ್ಟ್ರಧ್ವಜದ ಕೆಳಗೆ ಅದೇ ಕಂಬದಲ್ಲಿ ಹಾರುವ ಚಿತ್ರ ನೋಡಿ ಇಲ್ಲೂ ಹಾಗೇ ಮಾಡಬೇಡಿ. ಬೇರೆ ಕಂಬ, ದೂರ, ಗಿಡ್ಡ. ಆ ಕಂಬ ಫುಟ್‌ಪಾತಿನಲ್ಲಿ ನೆಡುವುದಾದರೆ ಮಹಾನಗರ ಪಾಲಿಕೆಯ ಅನುಮತಿ, ಟೆರೇಸಿನಲ್ಲಾದರೆ ಸೊಸೈಟಿಯ ಒಪ್ಪಿಗೆ. ಇವೆರಡರಲ್ಲಿ ಯಾವುದು ಕಷ್ಟ ಅಂತ ಮುಂಬೈಯಲ್ಲಿ ಇದ್ದವರಿಗೆ ನಾನು ಹೇಳಬೇಕಾಗಿಲ್ಲ.

ಬಣ್ಣ ಎಲ್ಲಿ ಉಳಿದಿದೆ?

ಈಗ ನಿಜವಾದ ಫಜೀತಿ. ಮುಂಬೈಯಲ್ಲಿ ಪ್ರತಿ ಬಣ್ಣಕ್ಕೂ ಒಬ್ಬ ಯಜಮಾನ ಇದ್ದಾನೆ.

ಕೇಸರಿ ಹಾಕಿದರೆ ಯಾವ ಪಕ್ಷ ಅಂತ ಕೇಳುತ್ತಾರೆ. ಹಸಿರು ಹಾಕಿದರೆ ಯಾವ ಧರ್ಮ ಅಂತ. ನೀಲಿ ಹಾಕಿದರೆ ಡಿಸೆಂಬರ್ 6ರ ದಾದರ್ ಚೈತ್ಯಭೂಮಿ, ಅಂಬೇಡ್ಕರ್ ಸ್ಮಾರಕ, ಕಣ್ಣಮುಂದೆ ಬರುತ್ತದೆ. ಕೆಂಪು ಗಿರಣಿ ಕಾರ್ಮಿಕರದ್ದು. ನಮ್ಮ ಹಳದಿ ಕೆಂಪು ಅಂದರೆ ಅರಿಶಿನ ಕುಂಕುಮ, ಮಂಗಳದ ಬಣ್ಣ, ಸಾವಿಗೆ ಹೊಂದುವುದಿಲ್ಲ. ಕಪ್ಪು? ಅಮೆರಿಕದಲ್ಲಿ, ಲಾಟ್ವಿಯಾದಲ್ಲಿ ಕಪ್ಪು ಶೋಕ. ನಮ್ಮಲ್ಲಿ ಕಪ್ಪು ಬಾವುಟ ಅಂದರೆ 1928ರ ಸೈಮನ್ ಆಯೋಗದಿಂದ ಇವತ್ತಿನವರೆಗೂ ಪ್ರತಿಭಟನೆ. ಮಂತ್ರಿ ಬರುವ ದಿನ ಕಪ್ಪು ಬಾವುಟ ಏರಿಸಿ ನೋಡಿ, ಪೊಲೀಸ್ ಜೀಪು ಎಷ್ಟು ಬೇಗ ಬರುತ್ತದೆ ಅಂತ ಗೊತ್ತಾಗುತ್ತದೆ.

ಉಳಿದದ್ದು ಬಿಳಿ. ನಮ್ಮ ಮನೆಗಳಲ್ಲಿ ಸಾವಿನ ಬಣ್ಣ ಅದೇ. ಆದರೆ ಬರೀ ಬಿಳಿ ಬಾವುಟ ಯುದ್ಧದಲ್ಲಿ ಶರಣಾದವರದ್ದು. ಹಾಗಾಗಿ ಬಿಳಿಯ ಕೆಳಗೆ ಒಂದು ಅಗಲವಾದ ಬೂದಿ ಬಣ್ಣದ ಪಟ್ಟಿ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಚಿಹ್ನೆ ಹಾಕೋಣ ಅಂದರೆ ಇನ್ನೂ ತಮಾಷೆ. ದಾಳಿ ಶುರುವಾದ ಜಾಗಗಳಲ್ಲಿ ಸಿಎಸ್‌ಟಿ ಒಂದು, ಅದರ ಗೋಪುರದ ಗಡಿಯಾರ ಎಲ್ಲರಿಗೂ ಪರಿಚಿತ. ಆದರೆ ಗಡಿಯಾರ ರಾಷ್ಟ್ರವಾದಿ ಕಾಂಗ್ರೆಸ್ಸಿನ ಚುನಾವಣಾ ಚಿಹ್ನೆ. 2006ರ ಜುಲೈ 11ರಂದು ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದವಲ್ಲ, ಅದಕ್ಕೆ ರೈಲು ಹಾಕೋಣ ಅಂದರೆ ರೈಲ್ವೆ ಇಂಜಿನ್ ಮಹಾರಾಷ್ಟ್ರ ನವನಿರ್ಮಾಣ ಸೇನೆಯದ್ದು. ಉರಿಯುವ ಪಂಜು ಉದ್ಧವ್ ಠಾಕ್ರೆಯವರ ಶಿವಸೇನೆಯದ್ದು. ಕಮಲ, ಕೈ, ಬಿಲ್ಲು ಬಾಣ ಹೇಳುವುದೇ ಬೇಡ. ಚುನಾವಣೆ ವರ್ಷದಲ್ಲಿ ಶೋಕದ ಬಾವುಟ ಪ್ರಚಾರದ ಬಾವುಟ ಆಗಿಬಿಡುತ್ತದೆ. ಚಿಹ್ನೆ ಬೇಡವೇ ಬೇಡ, ಬಣ್ಣವೇ ಸಾಕು.

ಹೆಸರುಗಳ ಲೆಕ್ಕ ಮಾಡಿ ನೋಡೋಣ. ಮೂರಡಿ ಅಗಲ, ಎರಡಡಿ ಎತ್ತರದ ಬಾವುಟ ಅಂದರೆ ಸುಮಾರು 900 ಮಿಲಿಮೀಟರ್, 600 ಮಿಲಿಮೀಟರ್. 166 ಹೆಸರನ್ನು ನಾಲ್ಕು ಕಂಬಸಾಲು ಮಾಡಿದರೆ ಒಂದೊಂದರಲ್ಲಿ 42 ಸಾಲು. ಅಂಚು ಬಿಡದೆ ಹಂಚಿದರೂ ಒಂದು ಸಾಲಿಗೆ 14 ಮಿಲಿಮೀಟರ್. ಕನ್ನಡದಲ್ಲಿ ಒತ್ತಕ್ಷರಕ್ಕೆ ಕೆಳಗೆ ಜಾಗ, ಗುಡಿಸಿಗೆ ಮೇಲೆ ಜಾಗ ಬೇಕಲ್ಲ. ಅಲ್ಲಿಗೆ ಮೂಲ ಅಕ್ಷರಕ್ಕೆ ಉಳಿಯುವುದು ಐದಾರು ಮಿಲಿಮೀಟರ್. ಇಪ್ಪತ್ತಡಿ ಕಂಬದ ಮೇಲೆ, ಗಾಳಿಗೆ ಬಡಿಯುವ ಬಟ್ಟೆಯಲ್ಲಿ, ಅದನ್ನು ಓದುವವರು ಯಾರು? ಇನ್ನೊಂದು ಬದಿಯಿಂದ ನೋಡಿದರೆ ಅಕ್ಷರ ತಿರುಗುಮುರುಗು. ಎರಡೂ ಬದಿ ನೆಟ್ಟಗೆ ಕಾಣಬೇಕು ಅಂದರೆ ಎರಡು ಪದರ ಬಟ್ಟೆ, ಆಗ ಬಾವುಟ ಭಾರವಾಗಿ ಹಾರುವುದೇ ಇಲ್ಲ.

ಬಾವುಟ ಹೊಲಿಯುವ ಕಷ್ಟ ತಿಳಿಯಬೇಕಾದರೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಬೇಕು. ಅಲ್ಲಿನ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು. ಭಾರತೀಯ ಮಾನಕ ಬ್ಯೂರೋದ ಮುದ್ರೆ ಇರುವ ಖಾದಿ ರಾಷ್ಟ್ರಧ್ವಜಕ್ಕೆ ಹೆಸರಾದ ಜಾಗ. ಕೆಲಸ ಮಾಡುವವರು ಹೆಚ್ಚಿನವರು ಹೆಣ್ಣುಮಕ್ಕಳು. ಬಿಳಿ ಪಟ್ಟಿಯ ಎರಡೂ ಬದಿಗೆ 24 ಗೀಟಿನ ಚಕ್ರ ಅಚ್ಚು ಹಾಕುತ್ತಾರೆ. ಈ ಬದಿಯ ಗೀಟು ಆ ಬದಿಯ ಗೀಟಿನ ಮೇಲೆ ಸರಿಯಾಗಿ ಕೂರಬೇಕು. ಸ್ವಲ್ಪ ಆಚೀಚೆ ಆದರೂ ಧ್ವಜ ತಿರಸ್ಕೃತ. ಒಂದು ಚಕ್ರಕ್ಕೇ ಇಷ್ಟು ಪಾಡು ಇರುವಾಗ 166 ಹೆಸರು ಎರಡೂ ಬದಿ ಅಂದರೆ ಊಹಿಸಿಕೊಳ್ಳಿ.

ಎಷ್ಟು ಜನ, ಯಾವ ದಿನ

ಅಂಕಿ ಬರೆಯುವುದಕ್ಕೂ ಹಿಂದೆಮುಂದೆ ನೋಡಬೇಕು. 26/11ಕ್ಕೆ ಕೆಲವು ಕಡೆ 166 ಅಂತ ಇರುತ್ತದೆ, ಕೆಲವು ಕಡೆ 175. ವ್ಯತ್ಯಾಸ ಸತ್ತ ಒಂಬತ್ತು ದಾಳಿಕೋರರದ್ದು. ಗೊತ್ತಿಲ್ಲದೆ 175 ಅಂತ ಹೊಲಿಸಿದರೆ ಕೊಂದವರನ್ನೂ ಗೌರವಿಸಿದ ಹಾಗಾಯಿತು. 2006ರ ರೈಲು ಸ್ಫೋಟಕ್ಕೆ 189 ಅಂತಲೂ ಓದಿದ್ದೇವೆ, 209 ಅಂತಲೂ ಓದಿದ್ದೇವೆ. ಹುತಾತ್ಮ ಚೌಕದ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಹುತಾತ್ಮರನ್ನು 105 ಅನ್ನುವವರಿದ್ದಾರೆ, 106, 107 ಅನ್ನುವವರೂ ಇದ್ದಾರೆ. ಗಾಯಗೊಂಡವರು ತಿಂಗಳು ಬಿಟ್ಟು ತೀರಿಕೊಳ್ಳುತ್ತಾರೆ. ಬಾವುಟದ ದಾರ ಬಿಚ್ಚಿ ಮತ್ತೆ ಹೊಲಿಯುತ್ತಾ ಕೂರಲು ಆಗುವುದಿಲ್ಲ. ಹೆಸರು, ಅಂಕಿ ಎರಡೂ ಒಂದು ಪುಸ್ತಕದಲ್ಲಿ ಇರಲಿ. ಸಭೆಯ ದಿನ ಮೇಜಿನ ಮೇಲೆ ಬಿಚ್ಚಿಡಿ, ಯಾರಾದರೂ ಒಬ್ಬರು ಗಟ್ಟಿಯಾಗಿ ಓದಲಿ. ಹೊಸ ಹೆಸರು ಸೇರಿಸಲು ಒಂದು ಪೆನ್ನು ಸಾಕು.

ಮತ್ತೆ, ಯಾವ ದುರಂತಕ್ಕೆ? ಈ ನಗರಕ್ಕೆ ಮಾರ್ಚ್ 12 ಇದೆ. 1993ರಲ್ಲಿ ಒಂದೇ ಮಧ್ಯಾಹ್ನ 12 ಸ್ಫೋಟ, 257 ಸಾವು. ಜುಲೈ 11 ಇದೆ, ಮಾಹಿಮ್ ಸ್ಟೇಷನ್ನಿನಲ್ಲಿ ಈಗಲೂ ಕುಟುಂಬದವರು ಸೇರುತ್ತಾರೆ. ನವೆಂಬರ್ 26 ಇದೆ. ಪುಣೆಯವರಿಗೆ 2010ರ ಫೆಬ್ರವರಿ 13, ಜರ್ಮನ್ ಬೇಕರಿ, 17 ಜನ. ಒಂದೊಂದಕ್ಕೆ ಒಂದೊಂದು ಬಾವುಟ ಮಾಡುತ್ತಾ ಹೋದರೆ ಸಂಘದ ಕಪಾಟು ತುಂಬುತ್ತದೆ, ಯಾವುದು ಯಾವುದರದ್ದು ಅಂತ ಮರೆತೂ ಹೋಗುತ್ತದೆ. ಒಂದೇ ಬಾವುಟ ಇರಲಿ, ದಿನಗಳು ಮೂರೋ ನಾಲ್ಕೋ ಇರಲಿ. ಹೀಗೆ ಮಾಡಿದರೆ ಒಬ್ಬರ ಸಾವು ಪ್ರಸಿದ್ಧ, ಇನ್ನೊಬ್ಬರದ್ದು ಅಲ್ಲ ಅನ್ನುವ ತಾರತಮ್ಯವೂ ಕಮ್ಮಿ ಆಗುತ್ತದೆ. ತಾಜ್ ಹೋಟೆಲಿನ ಹೊಗೆಯ ಚಿತ್ರ ಎಲ್ಲರಿಗೂ ನೆನಪಿದೆ, ಆದರೆ ಲೋಕಲ್ಲಿನ ಫಸ್ಟ್ ಕ್ಲಾಸ್ ಡಬ್ಬಿಯಲ್ಲಿ ಆಫೀಸಿನಿಂದ ಮನೆಗೆ ಹೊರಟಿದ್ದವರದ್ದು ಅಷ್ಟು ನೆನಪಿಲ್ಲ.

ಜುಲೈ 11 ಇಟ್ಟುಕೊಂಡರೆ ಮಳೆಯ ಯೋಚನೆಯೂ ಬೇಕು. ಮುಂಬೈಯ ಜುಲೈ ಮಳೆಯಲ್ಲಿ ಬಟ್ಟೆ ಕಂಬಕ್ಕೆ ಅಂಟಿಕೊಳ್ಳುತ್ತದೆ, ಹಾರುವುದಿಲ್ಲ. ಒದ್ದೆಯನ್ನೇ ಮಡಚಿಟ್ಟರೆ ನವೆಂಬರಿಗೆ ತೆಗೆಯುವಾಗ ಬೂಷ್ಟು. ಆ ದಿನ ಹಾಲಿನ ಒಳಗೆ, ಗೋಡೆಗೆ ಅಗಲವಾಗಿ ತೂಗುಹಾಕಿ ಅಂತ ಮೊದಲೇ ಬರೆದಿಟ್ಟರೆ ಕೊನೇ ಗಳಿಗೆಯ ಗಡಿಬಿಡಿ ತಪ್ಪುತ್ತದೆ.

ಠರಾವಿನಲ್ಲಿ ಏನಿರಬೇಕು

ಸಂಘ ಬಾವುಟ ಅಂಗೀಕರಿಸುವುದು ಜನರಲ್ ಬಾಡಿಯಲ್ಲಿ, ಠರಾವಿನ ಮೂಲಕ. ಕಮಿಟಿಯ ನಾಲ್ಕು ಜನ ಸೇರಿ ಮಾಡಿದರೆ ಮುಂದಿನ ಕಮಿಟಿ ಬಂದು ತೆಗೆದುಹಾಕಬಹುದು. ನಗರದ ಬಾವುಟ ಆಗಬೇಕಾದರೆ ಪಾಲಿಕೆ ಒಪ್ಪಬೇಕು, ರಾಜ್ಯದ್ದಾದರೆ ಸಂಪುಟ, ದೇಶದ್ದಾದರೆ ಕೇಂದ್ರ. ಅದು ದೂರದ ಹಾದಿ. ಕರ್ನಾಟಕ ಸರ್ಕಾರವೇ 2018ರ ಮಾರ್ಚಿನಲ್ಲಿ ಹಳದಿ, ಬಿಳಿ, ಕೆಂಪಿನ ನಾಡಧ್ವಜ ಬಿಡಿಸಿ ತೋರಿಸಿ ಕೇಂದ್ರದ ಒಪ್ಪಿಗೆ ಕೇಳಿತು, ಒಪ್ಪಿಗೆ ಬರಲಿಲ್ಲ. ಆದರೂ ಹಳದಿ ಕೆಂಪು ಬಾವುಟ ಎಲ್ಲ ಕಡೆ ಹಾರುತ್ತಲೇ ಇದೆ. ಅಂಗೀಕಾರ ಕೆಳಗಿನಿಂದಲೂ ಆಗುತ್ತದೆ ಅನ್ನುವುದಕ್ಕೆ ನಮ್ಮದೇ ಉದಾಹರಣೆ.

ಠರಾವಿನಲ್ಲಿ ಚಿತ್ರಕ್ಕೆ ಎರಡು ಸಾಲು ಸಾಕು. ಅಳತೆ, ಬಣ್ಣ, ಬಟ್ಟೆ. ಉಳಿದದ್ದು ಕೆಲಸದ ವಿವರ: ಯಾವ ದಿನಗಳು, ಎಷ್ಟು ಹೊತ್ತಿಗೆ ಏರಿಸುವುದು, ಎಷ್ಟು ಹೊತ್ತಿಗೆ ಇಳಿಸುವುದು, ಯಾರು. ಏರಿಸಲು ಅತಿಥಿಗಳು ಸಾಲುಗಟ್ಟಿ ಬರುತ್ತಾರೆ. ಸಂಜೆ ಇಳಿಸಲು ವಾಚ್‌ಮನ್ ಬಿಟ್ಟರೆ ಯಾರೂ ಇರುವುದಿಲ್ಲ. ಅದಕ್ಕೇ ಇಳಿಸುವವರ ಹೆಸರನ್ನೂ ಆಮಂತ್ರಣ ಪತ್ರಿಕೆಯಲ್ಲೇ ಹಾಕಿಬಿಡಿ. ಭಾಷಣ ಯಾರದ್ದು ಅನ್ನುವುದರ ಜೊತೆಗೆ ಭಾಷಣ ಬೇಡ ಅನ್ನುವುದನ್ನೂ ಯೋಚಿಸಿ. ದುರಂತದಲ್ಲಿ ಮನೆಯವರನ್ನು ಕಳೆದುಕೊಂಡವರು ನಮ್ಮ ನಡುವೆ ಇದ್ದರೆ ಅವರನ್ನು ಕೇಳದೆ ಯಾವುದನ್ನೂ ನಿರ್ಧರಿಸಬೇಡಿ. ಕೆಲವರಿಗೆ ವೇದಿಕೆ ಬೇಡ ಅನ್ನಿಸುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಹಳೆಯದಾದ ಬಾವುಟದ ಗತಿ ಏನು? ಹರಿದ ರಾಷ್ಟ್ರಧ್ವಜವನ್ನು ಜನರ ಕಣ್ಣಿಗೆ ಬೀಳದಂತೆ, ಗೌರವದಿಂದ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕು ಅನ್ನುತ್ತದೆ ಸಂಹಿತೆ. ನೆನಪಿನ ಬಾವುಟಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ, ಆದರೂ ಅದೇ ರೀತಿ ಪಾಲಿಸಿದರೆ ಒಳ್ಳೆಯದು. ಅಂಗಿಗೆ ಚುಚ್ಚುವ ಕಾಗದದ ಬಾವುಟ ಮಾಡಿಸಿದರೆ ಹಾಲಿನ ಬಾಗಿಲಲ್ಲಿ ಒಂದು ಡಬ್ಬಿ ಇಡಿ, ಹೊರಡುವಾಗ ಹಾಕಿ ಹೋಗಲಿ. ಇಲ್ಲದಿದ್ದರೆ ಮರುದಿನ ಸ್ಟೇಷನ್ ಮೆಟ್ಟಿಲ ಮೇಲೆ ಕಾಲಡಿಗೆ ಸಿಗುತ್ತವೆ.

ಇನ್ನೊಂದು ಕಲಮು ಉಳಿಯಿತು. ಬರೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಸಂಘವೇ ಮುಚ್ಚಿದರೆ ಬಾವುಟ ಯಾರಿಗೆ? ಈ ಊರಿನಲ್ಲಿ ಹೋಟೆಲ್ ಹುಡುಗರಿಗೆ ಅಂತ ನಡೆಯುತ್ತಿದ್ದ ಕನ್ನಡ ರಾತ್ರಿ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಹುಡುಗರು ಊರಿನಿಂದ ಬರುವುದು ನಿಂತಿತು. ಹೀಗೆ ಮುಚ್ಚಿದ ಕಡೆ ಶೀಲ್ಡು, ಫೋಟೋ, ಹಾಜರಿ ಪುಸ್ತಕ ರದ್ದಿ ಅಂಗಡಿಗೆ ಹೋಗುವುದು ಹೊಸತೇನಲ್ಲ. ಹಾಗಾಗಿ ನಮ್ಮ ನಂತರ ಬಾವುಟ ಮತ್ತು ಹೆಸರಿನ ಪುಸ್ತಕ ಎರಡೂ ಇಂಥ ಸಂಸ್ಥೆಗೆ ಅಂತ ಹೆಸರು ಹಾಕಿ ಬರೆಯಬೇಕು, ಆ ಸಂಸ್ಥೆಯ ಒಪ್ಪಿಗೆ ಪತ್ರವನ್ನು ಅದೇ ಫೈಲಿನಲ್ಲಿ ಸೇರಿಸಬೇಕು.